ಮಳೆಗಾಲದ ಒಂದು ದಿನ, ಐದು ಮಾತ್ರೆಯ ಎರಡು ಸಾಲು

ಕಾಲೇಜಿನಲ್ಲಿ ಸಂಗೀತ ಕಲಿಸುವವರು ಹೊಸ ಹಾಡುಗಳಿಗೆ ರಾಗ ಸಂಯೋಜನೆಯನ್ನೂ ಮಾಡುತ್ತಾರೆ ಎಂದರೆ ಕೇಳಿದವರು ಸಾಮಾನ್ಯವಾಗಿ ಎರಡು ಬೇರೆ ಬೇರೆ ಬದುಕುಗಳನ್ನು ಊಹಿಸಿಕೊಳ್ಳುತ್ತಾರೆ: ಹಗಲೆಲ್ಲ ತರಗತಿ, ರಾತ್ರಿ ಹಾರ್ಮೋನಿಯಂ ಮುಂದೆ ಕುಳಿತು ಸ್ಫೂರ್ತಿಗಾಗಿ ಕಾಯುವ ಏಕಾಂತ. ಉಡುಪಿಯ ಪದವಿ ಕಾಲೇಜೊಂದರಲ್ಲಿ ಹಲವು ವರ್ಷಗಳಿಂದ ಈ ಎರಡನ್ನೂ ಮಾಡಿಕೊಂಡು ಬಂದಿರುವ ನನಗೆ ಅವೆರಡನ್ನು ಬೇರ್ಪಡಿಸುವುದು ಸಾಧ್ಯವಾಗಿಲ್ಲ. ನನ್ನ ಹಾಡುಗಳ ಶ್ರುತಿಯನ್ನು ನಿರ್ಧರಿಸುವುದು ಆ ವರ್ಷ ನನ್ನ ತರಗತಿಗೆ ಬಂದು ಸೇರಿದ ಕಂಠಗಳು. ತಾಳವನ್ನು ನಿರ್ಧರಿಸುವುದು ಕವಿತೆಯ ಛಂದಸ್ಸು. ಸಂಚಾರ, ಅಂದರೆ ಸ್ವರಗಳ ನಡಿಗೆ, ಎಷ್ಟು ಬಿಗಿಯಾಗಿರಬೇಕು, ಎಷ್ಟು ಸಡಿಲವಾಗಿರಬೇಕು ಎಂಬುದನ್ನು ನಿರ್ಧರಿಸುವುದು ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಮಗೆ ಸಿಗುವ ಅಭ್ಯಾಸದ ಹೊತ್ತು. ಇಷ್ಟೆಲ್ಲ ಮೊದಲೇ ನಿರ್ಧಾರವಾದ ಮೇಲೆ ಸಂಯೋಜಕರಿಗೆ ಉಳಿಯುವುದು ಚಿಕ್ಕ ಜಾಗ. ಆ ಜಾಗದಲ್ಲಿ ನಾನು ಹೇಗೆ ಕೆಲಸ ಮಾಡುತ್ತೇನೆ ಎಂಬುದನ್ನು ಜುಲೈ ತಿಂಗಳ ಒಂದು ಸಾಮಾನ್ಯ ದಿನವನ್ನು ಹಿಡಿದು ಇಲ್ಲಿ ವಿವರಿಸುತ್ತಿದ್ದೇನೆ.

ಬೆಳಗಿನ ಸ್ವಂತ ಅಭ್ಯಾಸವನ್ನು ನಾನು ಬಿಟ್ಟಿಲ್ಲ, ಆದರೆ ಅದು ಕಛೇರಿ ಹಾಡುವವರ ಅಭ್ಯಾಸದಂತೆ ಇಲ್ಲ. ದಿನವಿಡೀ ಮಾತನಾಡಿ, ಹಾಡಿ ತೋರಿಸಿ, ಮಳೆಯ ಸದ್ದನ್ನು ಮೀರಿ ಕೂಗಬೇಕಾದ ಗಂಟಲಿಗೆ ಬೆಳಗ್ಗೆಯೇ ತಾರಸ್ಥಾಯಿಯ ಶ್ರಮ ಕೊಡುವುದು ಜಾಣತನವಲ್ಲ. ಎಲೆಕ್ಟ್ರಾನಿಕ್ ತಂಬೂರಿಯನ್ನು ನನ್ನ ಶ್ರುತಿಗಿಂತ ಒಂದು ಮನೆ (ಕೀ) ಕೆಳಗಿಟ್ಟುಕೊಂಡು ಮಂದ್ರ ಪಂಚಮದವರೆಗೆ, ಅಂದರೆ ಕೆಳಗಿನ ಸ್ಥಾಯಿಯ ‘ಪ’ದವರೆಗೆ, ಅಕಾರದಲ್ಲಿ ನಿಧಾನವಾಗಿ ಇಳಿಯುವುದು, ಪ್ರತಿಯೊಂದು ಸ್ವರದಲ್ಲೂ ಉಸಿರು ಮುಗಿಯುವ ತನಕ ನಿಲ್ಲುವುದು, ಕೊನೆಗೆ ಒಂದು ವರ್ಣವನ್ನು ಎರಡು ಕಾಲದಲ್ಲಿ ಹಾಡುವುದು, ಇಷ್ಟಕ್ಕೆ ಮುಗಿಸುತ್ತೇನೆ. ಅನಂತರ ಸಂತೆಕಟ್ಟೆಯಿಂದ ಬಸ್ಸು. ಮಳೆಗಾಲದಲ್ಲಿ ಹೆದ್ದಾರಿಯಲ್ಲಿ ಬಸ್ಸು ನಿಧಾನವಾಗುವುದು ಉಳಿದವರಿಗೆ ಕಿರಿಕಿರಿಯಾದರೂ ನನಗೆ ಉಪಕಾರವೇ, ಏಕೆಂದರೆ ಕವಿತೆಗೆ ಪ್ರಸ್ತಾರ ಹಾಕುವ ಕೆಲಸವನ್ನು ನಾನು ಬಸ್ಸಿಗೆ ಬಿಟ್ಟಿದ್ದೇನೆ. ಹಾಳೆಯ ಮೇಲೆ ಸಾಲನ್ನು ಬರೆದು, ಲಘು ಗುರುಗಳ ಗುರುತು ಹಾಕಿ, ಗಣಗಳನ್ನು ಗೆರೆ ಎಳೆದು ಬೇರ್ಪಡಿಸುವುದಕ್ಕೆ ವಾದ್ಯವೂ ಬೇಡ, ಮೌನವೂ ಬೇಡ. ಸೀಟು ಸಿಕ್ಕರೆ ಸಾಕು.

ಮೊದಲ ತರಗತಿಯಲ್ಲಿ ಕುಳಿತವರಲ್ಲಿ ಬಹುಪಾಲು ಬಿ.ಕಾಂ. ಮತ್ತು ಬಿ.ಎಸ್ಸಿ. ಓದುವವರು. ಅವರಿಗೆ ಸಂಗೀತವು ವಾರಕ್ಕೆ ಕೆಲವು ಗಂಟೆಗಳ ಆಯ್ಕೆಯ ವಿಷಯ. ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದವರು ಒಬ್ಬಿಬ್ಬರು ಇರುತ್ತಾರೆ. ಉಳಿದವರಿಗೆ ಸಂಗೀತವೇ ಗೊತ್ತಿಲ್ಲ ಎಂದು ಭಾವಿಸಿ ಪಾಠ ಆರಂಭಿಸುವ ಅಧ್ಯಾಪಕರು ನಮ್ಮ ಕರಾವಳಿಯ ಮಕ್ಕಳನ್ನು ಸರಿಯಾಗಿ ನೋಡಿಲ್ಲ ಎಂದೇ ನನ್ನ ಅಭಿಪ್ರಾಯ. ಇಲ್ಲಿಯ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುವ ಪರಿಪಾಠ ಬೆಳೆದಿರುವುದರಿಂದ ಹೆಜ್ಜೆ ಹಾಕಿ ಬಂದವರು, ಮದ್ದಳೆ ಹಿಡಿದು ಬಂದವರು ಪ್ರತಿವರ್ಷವೂ ಇರುತ್ತಾರೆ. ಊರಿನ ಭಜನಾ ಮಂದಿರದಲ್ಲಿ ವಾರವಾರ ಹಾಡುವವರು, ಕುಣಿತ ಭಜನೆಯ ತಂಡದವರು ಇರುತ್ತಾರೆ. ಚರ್ಚಿನ ಗಾಯನವೃಂದದಲ್ಲಿ ಚಿಕ್ಕಂದಿನಿಂದ ಹಾಡಿದವರು ಇರುತ್ತಾರೆ. ಯಕ್ಷಗಾನದಿಂದ ಬಂದ ಹುಡುಗನಿಗೆ ಏಳು ಅಕ್ಷರದ ತ್ರಿವುಡೆ ತಾಳ ಮೈಯಲ್ಲೇ ಇದೆ, ಆದರೆ ತಾನು ಹಾಡಿದ ಸ್ವರದ ಹೆಸರು ಹೇಳಬೇಕೆಂದರೆ ಅವನು ನಿಲ್ಲುತ್ತಾನೆ. ಭಜನೆಯಿಂದ ಬಂದವರ ನೆನಪಿನ ಶಕ್ತಿ ದೊಡ್ಡದು, ಕಂಠ ತುಂಬಿದ್ದು, ಆದರೆ ಒಂದೇ ಸಾಲನ್ನು ಎರಡನೆಯ ಬಾರಿ ಹಾಡುವಾಗ ಅರಿವಿಲ್ಲದೆ ಒಂದಿಷ್ಟು ಬದಲಿಸುತ್ತಾರೆ. ಚರ್ಚಿನಿಂದ ಬಂದ ಹುಡುಗಿ ಸ್ವರವನ್ನು ಅಲುಗಾಡದಂತೆ ನೆಟ್ಟಗೆ ಹಿಡಿಯುತ್ತಾಳೆ, ಪಕ್ಕದವರು ಬೇರೆ ಸ್ವರ ಹಾಡಿದರೂ ತನ್ನದನ್ನು ಬಿಡುವುದಿಲ್ಲ. ಸ್ವರವನ್ನು ತೂಗಿ ಅಲುಗಿಸುವ ಗಮಕ ಮಾತ್ರ ಅವಳಿಗೆ ಹೊಸದು. ಈ ಎಲ್ಲರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿದಾಗ ಒಬ್ಬರ ಕೊರತೆಗೆ ಇನ್ನೊಬ್ಬರು ಪಾಠವಾಗುತ್ತಾರೆ, ಮತ್ತು ನನ್ನ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಪಾಠವನ್ನು ಸಂಪ್ರದಾಯದಂತೆ ಮಾಯಾಮಾಳವಗೌಳದ ಸರಳೆ ವರಸೆಯಿಂದಲೇ ಆರಂಭಿಸುತ್ತೇನೆ. ಈ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂಬುದು ಪರಂಪರೆಯ ನಂಬಿಕೆ. ಕಲಿಸುವವರ ದೃಷ್ಟಿಯಿಂದ ಅದರ ಪ್ರಯೋಜನವನ್ನು ನಾನು ದಿನವೂ ಕಾಣುತ್ತೇನೆ. ಸ ಮತ್ತು ರಿ, ಗ ಮತ್ತು ಮ, ಪ ಮತ್ತು ದ, ನಿ ಮತ್ತು ಮೇಲಿನ ಸ ಹೀಗೆ ಸ್ವರಗಳು ಜೋಡಿಜೋಡಿಯಾಗಿ ಹತ್ತಿರ ಕುಳಿತಿವೆ. ಪೂರ್ವಾಂಗವನ್ನು ಹಾಡಲು ಬಂದರೆ ಉತ್ತರಾಂಗ ಅದೇ ಅಂತರಗಳಲ್ಲಿ ಮೇಲೆ ಸಿಗುತ್ತದೆ. ಆದರೆ ಸಿನಿಮಾ ಹಾಡು ಮತ್ತು ಚರ್ಚಿನ ಹಾಡು ಕೇಳಿ ಬೆಳೆದ ಕಿವಿ ಶಂಕರಾಭರಣಕ್ಕೆ ಒಗ್ಗಿಕೊಂಡಿರುತ್ತದೆ. ಅಂಥವರು ಶುದ್ಧ ಋಷಭವನ್ನು ಹಾಡಲು ಹೋಗಿ ಅದಕ್ಕಿಂತ ಮೇಲಿನ ಚತುಶ್ರುತಿ ಋಷಭದತ್ತ ಜಾರುತ್ತಾರೆ. ಗದರಿದರೆ ಅದು ಸರಿಹೋಗುವುದಿಲ್ಲ. ಮೊದಲು ಎರಡು ಋಷಭಗಳನ್ನೂ ಹಾರ್ಮೋನಿಯಂನಲ್ಲಿ ಪಕ್ಕಪಕ್ಕದಲ್ಲಿ ಒತ್ತಿ ಕೇಳಿಸುತ್ತೇನೆ, ಆಮೇಲೆ ಹಾರ್ಮೋನಿಯಂ ಮುಚ್ಚಿ, ಬರೀ ತಂಬೂರಿಯ ಮೇಲೆ ಷಡ್ಜದಿಂದ ಋಷಭಕ್ಕೆ ಹೋಗಿ ಬರುವುದನ್ನು ಒಬ್ಬೊಬ್ಬರಿಂದ ಹಾಡಿಸುತ್ತೇನೆ. ಕಾಮರ್ಸ್ ಹುಡುಗರಿಗೆ ಇದು ಮೊದಲು ಬೇಸರ ತರಿಸುತ್ತದೆ. ಎರಡು ವಾರ ಕಳೆಯುವಾಗ ಅವರೇ ಪಕ್ಕದವನ ಋಷಭ ಏರಿತು ಎಂದು ಹುಬ್ಬು ಗಂಟಿಕ್ಕುತ್ತಾರೆ.

ಇದೇ ತರಗತಿಯಲ್ಲಿ ನನ್ನ ಸಂಯೋಜನೆಯ ಪರೀಕ್ಷೆಯೂ ನಡೆಯುತ್ತದೆ. ಹೊಸ ಹಾಡಿನ ಒಂದು ಸಂಚಾರವನ್ನು, ಇದು ಹೊಸ ಹಾಡು ಎಂದು ಹೇಳದೆ, ಅಲಂಕಾರದ ಅಭ್ಯಾಸದ ನಡುವೆ ಅಕಾರದಲ್ಲಿ ಸೇರಿಸಿಬಿಡುತ್ತೇನೆ. ಎರಡು ಮೂರು ಸಲ ಕೇಳಿಸಿದ ಮೇಲೂ ಬಹುಪಾಲು ವಿದ್ಯಾರ್ಥಿಗಳು ಒಂದೇ ಜಾಗದಲ್ಲಿ ತಡವರಿಸಿದರೆ ಆ ಜಾಗವನ್ನು ಬದಲಿಸುತ್ತೇನೆ. ತಡವರಿಕೆ ಬೇರೆ ಬೇರೆ ಜಾಗಗಳಲ್ಲಿ ಹಂಚಿಹೋದರೆ ಸಂಚಾರ ಸರಿಯಾಗಿದೆ, ಅಭ್ಯಾಸ ಸಾಲದು ಎಂದರ್ಥ. ಸಂಗೀತಗಾರರ ಎದುರು ಹಾಡಿ ಅಭಿಪ್ರಾಯ ಕೇಳುವುದಕ್ಕಿಂತ ಈ ವಿಧಾನದ ಮೇಲೆ ನನಗೆ ಹೆಚ್ಚು ಭರವಸೆಯಿದೆ. ಸಂಗೀತಗಾರರು ಯಾವುದನ್ನಾದರೂ ಹಾಡಿಬಿಡುತ್ತಾರೆ.

ತರಗತಿ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಅಟೆಂಡರ್ ನಿಂತಿದ್ದರೆ ಸಭಾಂಗಣದಲ್ಲಿ ಯಾವುದೋ ಕಾರ್ಯಕ್ರಮವಿದೆ ಎಂದು ತಿಳಿಯಬೇಕು. ಉದ್ಘಾಟನೆಯಿರಲಿ, ವಿಚಾರಗೋಷ್ಠಿಯಿರಲಿ, ರಕ್ತದಾನ ಶಿಬಿರವಿರಲಿ, ಪ್ರಾರ್ಥನೆಗೆ ಜನ ಬೇಕು. ಹೊರಗಿನವರ ಲೆಕ್ಕದಲ್ಲಿ ಸಂಗೀತ ವಿಭಾಗವೆಂದರೆ ಪ್ರಾರ್ಥನೆಯ ವಿಭಾಗ. ನಾನು ಇದಕ್ಕೆ ಗೊಣಗುವುದನ್ನು ಬಿಟ್ಟು, ಪ್ರತಿಬಾರಿಯೂ ಹೊಸ ಮೂವರನ್ನು ಕಳುಹಿಸುವ ಪದ್ಧತಿ ಇಟ್ಟುಕೊಂಡಿದ್ದೇನೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಗೆ ಮೈಕಿನ ಮುಂದೆ ಒಂದು ನಿಮಿಷ ನಿಲ್ಲುವ ಅಭ್ಯಾಸ ಇದರಿಂದಲೇ ಆಗುತ್ತದೆ. ನಾಡಗೀತೆಯ ವಿಷಯದಲ್ಲಿ ಮಾತ್ರ ಅಭ್ಯಾಸವಿಲ್ಲದೆ ಯಾರನ್ನೂ ಕಳುಹಿಸುವುದಿಲ್ಲ. ಕುವೆಂಪು ಅವರ ಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆಗಳಿಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರವು 2022ರಲ್ಲಿ ಆದೇಶ ಹೊರಡಿಸಿದ ಮೇಲೆ ಕಾಲಪ್ರಮಾಣವನ್ನು ಕೈಯಲ್ಲಿ ಹಿಡಿದು ಕಲಿಸಬೇಕಾಗಿದೆ. ವಾದ್ಯವಿಲ್ಲದೆ ಹಾಡುವ ಗುಂಪು ಸಾಮಾನ್ಯವಾಗಿ ನಡೆಯನ್ನು ಎಳೆಯುತ್ತದೆ, ಆದ್ದರಿಂದ ಕೊನೆಯ ನುಡಿಗೆ ಬರುವಾಗ ಗಡಿಯಾರ ನೋಡುವ ಕೆಲಸವನ್ನು ಒಬ್ಬರಿಗೆ ವಹಿಸಿರುತ್ತೇನೆ.

ದಿನದ ಮುಖ್ಯ ಕೆಲಸ ಊಟದ ಬಿಡುವಿನಲ್ಲಿ. ವಿಶ್ವವಿದ್ಯಾನಿಲಯದ ಯುವಜನೋತ್ಸವದ ಭಾರತೀಯ ಸಮೂಹ ಗಾಯನಕ್ಕೆ ಆರು ಮಂದಿ ಗಾಯಕರು, ಹೆಚ್ಚೆಂದರೆ ಮೂವರು ಪಕ್ಕವಾದ್ಯದವರು, ಹತ್ತು ನಿಮಿಷದ ಮಿತಿ, ಸಿನಿಮಾ ಹಾಡಿಗೆ ಅವಕಾಶವಿಲ್ಲ. ಸಿನಿಮಾ ಹಾಡು ಇಲ್ಲ ಎಂಬ ಆ ಒಂದು ನಿಯಮವೇ ಕಾಲೇಜುಗಳಲ್ಲಿ ಹೊಸ ಸಂಯೋಜನೆಗಳನ್ನು ಜೀವಂತವಾಗಿಟ್ಟಿದೆ ಎಂದು ನಾನು ನಂಬಿದ್ದೇನೆ. ಸಾಹಿತ್ಯಕ್ಕಾಗಿ ಎರಡು ದಾರಿಗಳಿವೆ. ಕವಿ ತೀರಿಕೊಂಡ ವರ್ಷದ ಮರುವರ್ಷದಿಂದ ಎಣಿಸಿ 60 ವರ್ಷ ಕಳೆದಿದ್ದರೆ ಕೃತಿಸ್ವಾಮ್ಯದ ತೊಡಕಿಲ್ಲ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕವಿತೆಗಳು ಎಂದೋ ಮುಕ್ತವಾಗಿವೆ, 1963ರಲ್ಲಿ ತೀರಿಕೊಂಡ ಮಂಜೇಶ್ವರ ಗೋವಿಂದ ಪೈಗಳ ಕವಿತೆಗಳು 2024ರ ಆರಂಭದಿಂದ ಮುಕ್ತವಾಗಿವೆ. ಇನ್ನೊಂದು ದಾರಿ ನಮ್ಮ ಕನ್ನಡ ವಿಭಾಗ. ಈ ಬಾರಿ ಅಲ್ಲಿಯ ಸಹೋದ್ಯೋಗಿಯೊಬ್ಬರು ಮಳೆಗಾಲದ ಮಲ್ಪೆಯ ಮೇಲೆ ಮೂರು ನುಡಿಗಳ ಕವಿತೆಯೊಂದನ್ನು ಬರೆದುಕೊಟ್ಟರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳು ದಡ ಸೇರಿರುವ ಹೊತ್ತು ಅದು. ಕವಿತೆಯ ಮೊದಲ ಎರಡು ಸಾಲುಗಳು ಹೀಗಿವೆ:

ಕಡಲಿನೆದೆ ತೆರೆಯುತಿದೆ ಮುಂಗಾರ ಮಳೆಗೆ
ದಡದ ದೋಣಿಯ ಮೇಲೆ ಹನಿಹನಿಯ ಕುಣಿತ

ಸಂಯೋಜನೆಯಲ್ಲಿ ನಾನು ರಾಗವನ್ನು ಕೊನೆಗೆ ಆರಿಸುತ್ತೇನೆ. ಮೊದಲು ಮಾತ್ರೆ, ಅಂದರೆ ಅಕ್ಷರ ನುಡಿಯುವ ಕಾಲದ ಅಳತೆ: ಲಘುವಿಗೆ ಒಂದು, ಗುರುವಿಗೆ ಎರಡು. ಮೂರು ಮಾತ್ರೆಯ ಗಣಗಳಿದ್ದರೆ ಹಾಡು ತಾನಾಗಿ ತಿಶ್ರ ನಡೆಗೆ ಬರುತ್ತದೆ, ನಾಲ್ಕಿದ್ದರೆ ಆದಿತಾಳಕ್ಕೆ. ಭಾಮಿನಿ ಷಟ್ಪದಿಯ ಮೂರು ಮತ್ತು ನಾಲ್ಕರ ಸರದಿಯನ್ನು ಏಳು ಅಕ್ಷರದ ಮಿಶ್ರ ಛಾಪು ತಾಳದಲ್ಲಿ ಅಲ್ಲದೆ ಬೇರೆ ಕಡೆ ಕೂರಿಸಲು ಹೋದರೆ ಪದಗಳಿಗೆ ಪೆಟ್ಟಾಗುತ್ತದೆ. ಈ ಕವಿತೆಯಲ್ಲಿ ಐದು ಮಾತ್ರೆ: ಕಡಲಿನೆದೆ, ತೆರೆಯುತಿದೆ, ಮುಂಗಾರ, ಹೀಗೆ ಐದರ ಮೂರು ಗಣಗಳು, ಕೊನೆಗೆ ಮಳೆಗೆ ಎಂಬ ಮೂರು. ಇದಕ್ಕೆ ಖಂಡ ಛಾಪು ತಾಳ. ಖಂಡ ಛಾಪುವಿನ ಐದು ಅಕ್ಷರಗಳು ಎರಡು ಮತ್ತು ಮೂರಾಗಿ, ‘ತಕ ತಕಿಟ’ ಎಂದು ಒಡೆಯುತ್ತವೆ. ಮೊದಲ ಸಾಲು ಈ ಒಡೆತಕ್ಕೆ ಚಾಚೂ ತಪ್ಪದೆ ಹೊಂದುತ್ತದೆ: ಕಡ, ಲಿನೆದೆ, ತೆರೆ, ಯುತಿದೆ, ಮುಂ, ಗಾರ. ಗುರುಗಳು ಘಾತದ ಮೇಲೆಯೇ ಬೀಳುವುದರಿಂದ ‘ಮುಂಗಾರ’ ಎಂಬ ಪದಕ್ಕೆ ದೀರ್ಘ ಸ್ವರ ಕೊಡಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಎರಡನೆಯ ಸಾಲು ಹಾಗಿಲ್ಲ. ಪ್ರಸ್ತಾರದ ಲೆಕ್ಕದಲ್ಲಿ ಅದೂ ಐದೇ: ‘ದಡದ ದೋ’ ಒಂದು ಗಣ, ‘ಣಿಯ ಮೇಲೆ’ ಇನ್ನೊಂದು. ಓದುವಾಗ ಇದರಿಂದ ಏನೂ ಕೆಡುವುದಿಲ್ಲ, ಕನ್ನಡ ಕಾವ್ಯದಲ್ಲಿ ಪದವು ಗಣದ ಗಡಿ ದಾಟುವುದು ಸಾಮಾನ್ಯ. ಹಾಡುವಾಗ ತಾಳದ ಸಮ, ಅಂದರೆ ಪ್ರತಿ ಆವರ್ತದ (ತಾಳದ ಒಂದು ಸುತ್ತಿನ) ಮೊದಲ ಘಾತ, ‘ಣಿ’ಯ ಮೇಲೆ ಬೀಳುತ್ತದೆ, ದೋಣಿ ನಡುವೆ ಮುರಿದು, ಕೇಳುವವರ ಕಿವಿಗೆ ‘ದಡದದೋ, ಣಿಯಮೇಲೆ’ ಎಂದು ತಲುಪುತ್ತದೆ. ಆದ್ದರಿಂದ ‘ದಡದ’ ಎಂಬ ಮೂರು ಮಾತ್ರೆಗಳನ್ನು ಹಿಂದಿನ ಆವರ್ತದ ‘ತಕಿಟ’ಕ್ಕೆ ಸರಿಸಿ, ಅತೀತದಲ್ಲಿ, ಅಂದರೆ ಸಮಕ್ಕಿಂತ ಮೊದಲೇ, ಎತ್ತಿಕೊಂಡು, ‘ದೋ’ ಸಮದ ಮೇಲೆ ಬೀಳುವಂತೆ ಮಾಡಿದೆ. ಆಗ ಒಂದು ಆವರ್ತದಲ್ಲಿ ‘ದೋಣಿಯ’, ಮುಂದಿನದರಲ್ಲಿ ‘ಮೇಲೆ’, ಆಮೇಲೆ ‘ಹನಿಹನಿಯ’, ಕೊನೆಗೆ ‘ಕುಣಿತ’ ಎಂದು ಪ್ರತಿಯೊಂದು ಪದವೂ ಇಡಿಯಾಗಿ ಕೇಳುತ್ತದೆ. ‘ಮಳೆಗೆ’ ಮುಗಿದ ಮೇಲೆ ‘ದಡದ’ ಬರುವ ತನಕ ಉಳಿಯುವ ಖಾಲಿ ಜಾಗವನ್ನು ಕೊಳಲಿಗೆ ಕೊಟ್ಟೆ.

ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಸಹೋದ್ಯೋಗಿ ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟಿಲ್ಲ: ಕಡಲು, ದಡ. ಗೋವಿಂದ ಪೈಗಳು 1911ರಲ್ಲಿಯೇ ಪ್ರಾಸವನ್ನು ತೊರೆದ ಈ ಕರಾವಳಿಯಲ್ಲಿ ಅವರು ಇನ್ನೂ ಪ್ರಾಸ ಹಿಡಿದುಕೊಂಡಿದ್ದಾರೆ ಎಂದು ವಿಭಾಗದಲ್ಲಿ ತಮಾಷೆ ನಡೆಯುತ್ತಿರುತ್ತದೆ. ಆದರೆ ಹಾಡಿಗೆ ಪ್ರಾಸ ಉಪಕಾರಿ. ಎರಡೂ ಸಾಲುಗಳು ಸಮದಲ್ಲೇ ಆರಂಭವಾದರೆ ಆ ‘ಡ’ಕಾರ ಎರಡು ಆವರ್ತಗಳಲ್ಲಿ ಒಂದೇ ಜಾಗದಲ್ಲಿ ಬಿದ್ದು, ಸಾಲಿನ ಆರಂಭವನ್ನು ಕಿವಿಗೆ ತೋರಿಸಿಕೊಡುತ್ತದೆ. ನಾನು ‘ದಡದ’ವನ್ನು ಹಿಂದಕ್ಕೆ ಸರಿಸಿದಾಗ ಆ ಹೊಂದಾಣಿಕೆ ತಪ್ಪಿತು. ಪ್ರಾಸವೋ ಪದವೋ ಎಂಬ ಪ್ರಶ್ನೆ ಬಂದಾಗ ನಾನು ಪದದ ಕಡೆಗೆ ನಿಲ್ಲುತ್ತೇನೆ. ಇದೇ ಜಿಲ್ಲೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಸುಗಮ ಸಂಗೀತದ ಗಾಯಕ ಪಿ. ಕಾಳಿಂಗರಾವ್ ಅವರ ಗಾಯನವನ್ನು ಈಗ ಕೇಳಿದರೂ ಮೊದಲು ಕಿವಿಗೆ ಬೀಳುವುದು ಕವಿತೆಯ ಪದಗಳು, ಆಮೇಲೆ ರಾಗ. ಸುಗಮ ಸಂಗೀತದಲ್ಲಿ ಇದಕ್ಕಿಂತ ಬೇರೆ ಅಳತೆಗೋಲು ನನಗೆ ಬೇಡ. ಎಂಟು ಆವರ್ತಗಳಲ್ಲಿ ಮುಗಿಯಬೇಕಾಗಿದ್ದ ಎರಡು ಸಾಲುಗಳು ಒಂಬತ್ತಾದುದಕ್ಕೆ ಮೃದಂಗದ ಹುಡುಗ ತಕರಾರು ಎತ್ತಿದ. ಅವನ ಮುಕ್ತಾಯಕ್ಕೆ ಸಮ ಸಂಖ್ಯೆ ಬೇಕು. ಕೊನೆಯಲ್ಲಿ ಕೊಳಲಿಗೆ ಇನ್ನೊಂದು ಆವರ್ತ ಸೇರಿಸಿ ಹತ್ತು ಮಾಡಿದ ಮೇಲೆ ಅವನಿಗೂ ಸಮಾಧಾನವಾಯಿತು.

ಶ್ರುತಿಯ ಲೆಕ್ಕ ಇನ್ನೂ ಬಿಗಿಯಾದದ್ದು. ಒಂಟಿಯಾಗಿ ಹಾಡುವಾಗ ನಮ್ಮ ಹುಡುಗಿಯರು ಬಿಳಿ ಐದರ (ಹಾರ್ಮೋನಿಯಂನ ಐದನೆಯ ಬಿಳಿ ಮನೆಯ) ಆಸುಪಾಸಿನಲ್ಲಿ, ಹುಡುಗರು ಬಿಳಿ ಒಂದರ ಆಸುಪಾಸಿನಲ್ಲಿ ಹಾಡುತ್ತಾರೆ. ಇಬ್ಬರನ್ನೂ ಒಂದೇ ಹಾಡಿಗೆ ಸೇರಿಸಿದಾಗ ಯಾರಾದರೊಬ್ಬರು ಕಷ್ಟಪಡುವ ಶ್ರುತಿಯನ್ನು ಆರಿಸುವುದು ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೃಶ್ಯ. ಹುಡುಗರ ಕತ್ತಿನ ನರ ಉಬ್ಬುವುದನ್ನು ಕೊನೆಯ ಸಾಲಿನ ಪ್ರೇಕ್ಷಕರೂ ನೋಡಬಹುದು. ನಾನು ಬಿಳಿ ಎರಡನ್ನು ಷಡ್ಜವಾಗಿಟ್ಟುಕೊಂಡು, ಇಡೀ ಹಾಡನ್ನು ಮಂದ್ರ ಪಂಚಮದಿಂದ ಮಧ್ಯಸ್ಥಾಯಿಯ ಧೈವತದೊಳಗೆ ಕಟ್ಟುತ್ತೇನೆ. ಹುಡುಗರು ಒಂದು ಸ್ಥಾಯಿ ಕೆಳಗೆ ಅದನ್ನೇ ಹಾಡುತ್ತಾರೆ. ತಾರಷಡ್ಜ ಇಲ್ಲದೆ ಹಾಡು ರಂಜಿಸುವುದಿಲ್ಲ ಎನ್ನುವವರಿದ್ದಾರೆ. ಆರು ಕಂಠಗಳು ತಮ್ಮ ಸುಖದ ಜಾಗದಲ್ಲಿ ಒಟ್ಟಾಗಿ ನಿಂತಾಗ ಬರುವ ನಾದ ತಾರಷಡ್ಜಕ್ಕಿಂತ ಹೆಚ್ಚು ತುಂಬಿರುತ್ತದೆ ಎಂಬುದು ನನ್ನ ಉತ್ತರ.

ಇಷ್ಟಾದ ಮೇಲೆ ರಾಗ. ಮಳೆಯ ಹಾಡೆಂದ ಕೂಡಲೇ ಅಮೃತವರ್ಷಿಣಿ ಅಥವಾ ಯಾವುದಾದರೂ ಮಲ್ಹಾರ್ ಎಂಬ ಸಿದ್ಧ ಉತ್ತರವನ್ನು ನಾನು ಪಕ್ಕಕ್ಕಿಟ್ಟೆ. ಹಿಡಿದದ್ದು ಶುದ್ಧ ಸಾವೇರಿ: ಸ, ಚತುಶ್ರುತಿ ರಿ, ಶುದ್ಧ ಮ, ಪ, ಚತುಶ್ರುತಿ ದ. ಹಿಂದುಸ್ತಾನಿಯವರು ಇದೇ ಸ್ವರಗಳಲ್ಲಿ ದುರ್ಗಾ ಹಾಡುತ್ತಾರೆ. ಐದೇ ಸ್ವರಗಳು, ದೊಡ್ಡ ಅಂತರಗಳು, ನವಿರಾದ ಗಮಕಗಳಿಲ್ಲದೆಯೂ ಮುಖ ಕೆಡದ ರಾಗ; ಗಮಕ ಗೊತ್ತಿಲ್ಲದವಳೂ ಗಮಕ ಬಿಡಲಾರದವನೂ ಅಕ್ಕಪಕ್ಕ ನಿಂತು ಹಾಡಬೇಕಾದಾಗ ಇದು ದೊಡ್ಡ ಅನುಕೂಲ. ‘ಕಡಲಿನೆದೆ’ಯನ್ನು ಮಂದ್ರದಿಂದ ‘ಪಪ ದಸಸ’ ಎಂದು ಏರಿಸಿ, ‘ಮುಂಗಾರ’ದಲ್ಲಿ ಮಧ್ಯಸ್ಥಾಯಿಯ ಧೈವತವನ್ನು ಒಮ್ಮೆ ಮುಟ್ಟಿ, ‘ಮಳೆಗೆ’ಯಲ್ಲಿ ಋಷಭಕ್ಕೆ ಇಳಿಸಿದ್ದೇನೆ. ಆ ಮೇಲಿನ ಧೈವತವು ಇಡೀ ನುಡಿಯಲ್ಲಿ ಅದೊಂದೇ ಪದಕ್ಕೆ ಮೀಸಲು.

ಚರ್ಚಿನ ಗಾಯನವೃಂದದ ಹುಡುಗಿ ಎರಡನೆಯ ಧ್ವನಿಯೊಂದನ್ನು ಸೇರಿಸಬಹುದೇ ಎಂದು ಕೇಳಿದಳು. ಅವಳಿಗೆ ರೂಢಿಯಿದ್ದದ್ದು ಮೂರನೆಯ ಸ್ವರದ ಅಂತರದಲ್ಲಿ ಕೆಳಗೆ ಹಾಡುವುದು. ಶುದ್ಧ ಸಾವೇರಿಯಲ್ಲಿ ಹಾಗೆ ಹಾಡಿದರೆ ರಾಗದಲ್ಲಿಲ್ಲದ ಗಾಂಧಾರವೂ ನಿಷಾದವೂ ಒಳಗೆ ಬರುತ್ತವೆ. ಅದಕ್ಕೆ ಬದಲಾಗಿ ರಾಗದ್ದೇ ಸ್ವರಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಹೇಳಿದೆ: ಮೇಲಿನವರು ದ ಹಾಡಿದರೆ ಅವಳು ಮ, ಪ ಹಾಡಿದರೆ ರಿ, ಮ ಹಾಡಿದರೆ ಸ, ರಿ ಹಾಡಿದರೆ ಮಂದ್ರ ದ, ಸ ಹಾಡಿದರೆ ಮಂದ್ರ ಪ. ಮೊದಲ ಜೋಡಿಯೊಂದನ್ನು ಬಿಟ್ಟರೆ ಉಳಿದ ನಾಲ್ಕರಲ್ಲೂ ಅಂತರ ಒಂದೇ, ಷಡ್ಜದಿಂದ ಮಧ್ಯಮಕ್ಕೆ ಇರುವಷ್ಟು. ರಾಗ ಕೆಡಲಿಲ್ಲ, ಧ್ವನಿ ಎರಡಾಯಿತು. ಹಾಡು ಷಡ್ಜಕ್ಕಿಂತ ಕೆಳಗಿಳಿದಾಗ ಅವಳಿಗೆ ಹೋಗಲು ಜಾಗವಿಲ್ಲದ್ದರಿಂದ ಅಲ್ಲಿ ಎಲ್ಲರೂ ಒಂದೇ ಧ್ವನಿಗೆ ಬರುತ್ತಾರೆ. ಧ್ವನಿಗಳು ಹೀಗೆ ಕೂಡಿ ಬಿಡುವುದನ್ನು ಕೇಳಿದ ಮೇಲೆ ‘ದಡದ’ದ ಜಾಗವನ್ನೂ ಮಂದ್ರದಲ್ಲಿಯೇ ಇರಿಸಿದೆ, ಎಲ್ಲರೂ ಒಟ್ಟಾಗಿ ದಡಕ್ಕೆ ಬರಲಿ ಎಂದು.

“ಮೇಡಂ, ಮೊದಲನೇ ಸಾಲಿಗೆ ಉಸಿರು ಸಾಕಾಗುದಿಲ್ಲ” ಎಂದು ಭಜನಾ ತಂಡದ ಹುಡುಗ ಹೇಳಿದ. ಸಾಲನ್ನು ಒಂದೇ ಉಸಿರಿನಲ್ಲಿ ಹಾಡಬೇಕೆಂಬ ಹಟ ಸಮೂಹ ಗಾಯನದಲ್ಲಿ ಬೇಕಾಗಿಲ್ಲ. ಮೂವರು ‘ಕಡಲಿನೆದೆ’ಯ ನಂತರ, ಉಳಿದ ಮೂವರು ‘ತೆರೆಯುತಿದೆ’ಯ ನಂತರ ಉಸಿರು ತೆಗೆದುಕೊಳ್ಳುವಂತೆ ಹಾಳೆಯಲ್ಲಿ ಗುರುತು ಹಾಕಿಕೊಟ್ಟೆ. ಉಸಿರು ತೆಗೆದವರು ಮುಂದಿನ ಅಕ್ಷರವನ್ನು ಮೆಲ್ಲಗೆ ಎತ್ತಿಕೊಳ್ಳಬೇಕು, ಅಷ್ಟೇ. ಕೇಳುವವರಿಗೆ ಸಾಲು ಅಖಂಡವಾಗಿರುತ್ತದೆ.

ಊಟದ ಬಿಡುವು ಮುಗಿಯುವ ಗಂಟೆ ಹೊಡೆದ ಮೇಲೆ ವಾದ್ಯಗಳ ಆರೈಕೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಸಂಗೀತ ವಿಭಾಗದ ಅರ್ಧ ಚಿಂತೆ ತೇವದ್ದೇ. ಜೂನ್ ತಿಂಗಳಿನಿಂದ ಮೃದಂಗದ ಮುಚ್ಚಿಗೆ ತೇವ ಹೀರಿ ಸಡಿಲವಾಗುತ್ತದೆ, ಬೆಳಗ್ಗೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಇಳಿದಿರುತ್ತದೆ. ನಾವು ಮರದ ಕಪಾಟಿನ ತಳದಲ್ಲಿ 40 ವ್ಯಾಟಿನ ಹಳೆಯ ಬಲ್ಬೊಂದನ್ನು ಹಗಲು ಉರಿಸುತ್ತೇವೆ. ಅದರ ನೇರ ಶಾಖ ಚರ್ಮಕ್ಕೆ ತಾಗದಂತೆ ನಡುವೆ ಒಂದು ಹಲಗೆಯಿದೆ. ಮೃದಂಗದ ಎಡಭಾಗಕ್ಕೆ ಹಚ್ಚಿದ ರವೆಯನ್ನು ಅಭ್ಯಾಸ ಮುಗಿದ ಕೂಡಲೇ ಕೆರೆದು ತೆಗೆದು ಒಣ ಬಟ್ಟೆಯಿಂದ ಒರೆಸುವುದು ಕಡ್ಡಾಯ. ಬಿಟ್ಟರೆ ಮರುದಿನಕ್ಕೆ ಬೂಷ್ಟು. ಹಾರ್ಮೋನಿಯಂನ ಹಿತ್ತಾಳೆಯ ರೀಡುಗಳಿಗೆ ಕಡಲ ಗಾಳಿ ಆಗಿಬರುವುದಿಲ್ಲ. ಬಳಸದ ದಿನವೂ ಸ್ವಲ್ಪ ಹೊತ್ತು ಎಲ್ಲ ಮನೆಗಳನ್ನೂ ಒತ್ತಿ ಗಾಳಿ ಹಾಯಿಸಬೇಕು. ವೀಣೆಗೆ ಮಾತ್ರ ಮಳೆಗಾಲಕ್ಕಿಂತ ಎಪ್ರಿಲ್, ಮೇ ತಿಂಗಳ ಸೆಕೆಯೇ ಅಪಾಯ, ಸ್ವರದ ಮೆಟ್ಟಿಲುಗಳನ್ನು ಕೂರಿಸಿದ ಮೇಳದ ಮೇಣ ಮೆತ್ತಗಾಗಿ ಮೆಟ್ಟಿಲು ಕದಲುತ್ತದೆ. ಈ ಕೆಲಸಗಳನ್ನು ವಿದ್ಯಾರ್ಥಿಗಳಿಂದಲೇ ಮಾಡಿಸುತ್ತೇನೆ, ಅಂಕವಿಲ್ಲದ ಪಾಠವಾದರೂ.

ಮಧ್ಯಾಹ್ನದ ಎರಡು ತರಗತಿಗಳ ನಡುವೆ ಕಡತಗಳು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆಗಾಗಿ ಪ್ರತಿಯೊಂದು ಕಾರ್ಯಕ್ರಮದ ವರದಿ, ಚಿತ್ರ, ಹಾಜರಿ ಪಟ್ಟಿ ಬೇಕು. ಹಾಡು ಹೇಗೆ ಬಂತು ಎಂದು ಯಾವ ನಮೂನೆಯೂ ಕೇಳುವುದಿಲ್ಲ, ಎಷ್ಟು ಮಂದಿ ಇದ್ದರು ಎಂದು ಎಲ್ಲ ನಮೂನೆಗಳೂ ಕೇಳುತ್ತವೆ. ಇದರ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ.

ಸಂಜೆ ಮನೆಯಲ್ಲಿ ಮಾಡುವುದು ಸಂಯೋಜನೆಗಿಂತ ಹೆಚ್ಚಾಗಿ ದಾಖಲಾತಿ. ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಂಡದ್ದನ್ನು ಕೇಳುತ್ತ, ಗುಂಪು ಎಲ್ಲಿ ತಾನಾಗಿ ಸ್ವರವನ್ನು ಬದಲಿಸಿದೆ ಎಂದು ಗುರುತು ಹಾಕುತ್ತೇನೆ. ಹಲವು ಬಾರಿ ಗುಂಪಿನ ಬದಲಾವಣೆಯೇ ನನ್ನ ಮೂಲಕ್ಕಿಂತ ಹಾಡಲು ಸುಲಭವಾಗಿರುತ್ತದೆ, ಆಗ ಅದನ್ನೇ ಉಳಿಸಿಕೊಳ್ಳುತ್ತೇನೆ. ‘ಕುಣಿತ’ದ ಕೊನೆಯಲ್ಲಿ ನಾನು ಷಡ್ಜಕ್ಕೆ ಬಂದು ನಿಲ್ಲಿಸಿದ್ದೆ, ಯಕ್ಷಗಾನದ ಹುಡುಗನ ಬಾಯಲ್ಲಿ ಅದು ಮಂದ್ರ ಧೈವತವನ್ನು ಮುಟ್ಟಿ ಷಡ್ಜಕ್ಕೆ ಬಂದಿತ್ತು, ಉಳಿದವರೂ ಅವನ ಹಿಂದೆ ಹೋಗಿದ್ದರು. ಅದು ಹಾಗೆಯೇ ಇರಲಿ ಎಂದು ಬರೆದುಕೊಂಡೆ. ಸ್ವರಲಿಪಿಯನ್ನು ಎರಡು ರೀತಿಯಲ್ಲಿ ಬರೆಯುತ್ತೇನೆ: ಒಂದರಲ್ಲಿ ಸರಿಗಮ, ಆವರ್ತಕ್ಕೊಂದು ಚೌಕ, ಕೆಳಗೆ ಸಾಹಿತ್ಯ, ಇನ್ನೊಂದರಲ್ಲಿ ಚರ್ಚಿನ ಹುಡುಗಿಗೂ ಕೀಬೋರ್ಡಿನವನಿಗೂ ಐದು ಗೆರೆಗಳ ಲಿಪಿ. ಖಂಡ ಛಾಪುವನ್ನು ಐದು ಗೆರೆಗಳ ಲಿಪಿಯಲ್ಲಿ ಬರೆಯುವಾಗ ಎರಡು ಮತ್ತು ಮೂರರ ಗುಂಪುಗಳನ್ನು ಮೇಲ್ಗೆರೆಯಿಂದ ಜೋಡಿಸಿ ತೋರಿಸದಿದ್ದರೆ ಓದುವವರು ಮೂರು ಮತ್ತು ಎರಡಾಗಿ ಹಾಡಿಬಿಡುತ್ತಾರೆ. ಅನಂತರ ಲ್ಯಾಪ್‌ಟಾಪಿನಲ್ಲಿ ತಂಬೂರಿ ಮತ್ತು ತಾಳದ ಘಾತವನ್ನಿಟ್ಟು, ನನ್ನ ಧ್ವನಿಯಲ್ಲಿ ಎರಡೂ ಸಾಲುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ, ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುತ್ತೇನೆ. ಹುಡುಗರ ಪ್ರತಿಯನ್ನು ಬೇರೆ ಸ್ಥಾಯಿಯಲ್ಲಿ ಹಾಡಿಕೊಡಲು ಸಂಗೀತ ಕಲಿತ ಹಳೆಯ ವಿದ್ಯಾರ್ಥಿಯೊಬ್ಬ ನೆರವಾಗುತ್ತಾನೆ, ಏಕೆಂದರೆ ಹೆಂಗಸಿನ ಧ್ವನಿ ಕೇಳಿ ಕಲಿತ ಹುಡುಗರು ಅದೇ ಎತ್ತರಕ್ಕೆ ಏರಲು ಯತ್ನಿಸುತ್ತಾರೆ.

ಮೂರನೆಯ ನುಡಿಗೆ ಇನ್ನೂ ರಾಗ ಹಾಕಿಲ್ಲ. ಅದರಲ್ಲಿ ‘ಅಂಗಳದಲಿ’ ಎಂಬ ಪದವೊಂದು ಗಣದ ಜಾಗದಲ್ಲಿ ಕುಳಿತಿದೆ, ಎಣಿಸಿದರೆ ಆರು ಮಾತ್ರೆ. ‘ಅಂಗಳದಿ’ ಎಂದರೆ ಐದಾಗುತ್ತದೆ ಎಂದು ಸಹೋದ್ಯೋಗಿಗೆ ಹೇಳಿದೆ. ಉಳಿದ ಕವಿತೆಯೆಲ್ಲ ಆಡುಮಾತಿಗೆ ಹತ್ತಿರವಿರುವಾಗ ಅದೊಂದು ಪದ ಹಳೆಯ ಕಾವ್ಯದಿಂದ ಎದ್ದು ಬಂದಂತಿರುತ್ತದೆ ಎಂಬುದು ಅವರ ಆಕ್ಷೇಪ, ಮತ್ತು ಆಕ್ಷೇಪದಲ್ಲಿ ಹುರುಳಿದೆ. ಪದವನ್ನೇ ಬದಲಿಸಿ ಕೊಡುವುದಾಗಿ ಹೇಳಿದ್ದಾರೆ. ಅದು ಕೈಸೇರುವ ತನಕ ಊಟದ ಬಿಡುವಿನಲ್ಲಿ ಮೊದಲ ಎರಡು ನುಡಿಗಳನ್ನಷ್ಟೇ ಹಾಡಿಸುತ್ತೇನೆ.